ಕಾಲುವೆ ಸೀಮೆಯ ಪ್ರೇಮ ಹಾಸ್ಯಕ್ಕೆ ಒಂದು ಸೀನ್ ಆರ್ಡರ್

ಲೆಕ್ಕ ಹಾಕಿ ಬದುಕುವ ಹುಡುಗಿ, ಗಾಳಿ ಬಂದತ್ತ ನಡೆಯುವ ಹುಡುಗ. ಅವನು ಅವಳಿಗೆ ನಗುವುದನ್ನು ಕಲಿಸುತ್ತಾನೆ, ಅವಳು ತನ್ನ ಡೈರಿಯನ್ನು ಹೊಳೆಗೆ ಎಸೆಯುತ್ತಾಳೆ, ಕೊನೆಗೊಂದು ಹಾಡು. ರೊಮ್ಯಾಂಟಿಕ್ ಕಾಮಿಡಿ ಬರೆಯಲು ಕೂತವರ ಕೈಗೆ ಮೊದಲು ಸಿಗುವ ಒನ್‌ಲೈನ್ ಇದೇ. ಇದನ್ನು ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಗೆ ತಂದಿಟ್ಟರೆ ಅರ್ಧ ತಾಸಿನೊಳಗೆ ಕುಸಿಯುತ್ತದೆ. ಈ ಸೀಮೆಯಲ್ಲಿ ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಇಂಥ ವರ್ಷಕ್ಕೆ ನೌಕರಿ, ಇಂಥ ವರ್ಷಕ್ಕೆ ಸಾಲ ತೀರಿಕೆ, ಇಂಥ ವರ್ಷಕ್ಕೆ ಮದುವೆ ಎಂದು ಬರೆದಿಟ್ಟುಕೊಂಡಿದ್ದರೆ ಅದನ್ನು ಗೀಳು ಎನ್ನಲಾಗದು. ಕಾಲುವೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಮನೆಯಲ್ಲಿ ತಾರೀಖು ಹಾಕಿ ಬರೆದ ಸಾಲೊಂದೇ ಕಾಲೂರಲು ಸಿಗುವ ಗಟ್ಟಿ ನೆಲ. ಆ ನೆಲವನ್ನೇ ನಗೆಪಾಟಲು ಮಾಡಿದರೆ ಪ್ರೇಕ್ಷಕರು ಹುಡುಗಿಯ ಪರ ನಿಂತು ಕಥೆಯನ್ನು ಕೈಬಿಡುತ್ತಾರೆ.

ಯೋಜನೆಯನ್ನು ಬಿಟ್ಟುಕೊಡುವ ಕಥೆಯಲ್ಲಿ ಯೋಜನೆ ಖಳನಾಗಬಾರದು ಎನ್ನುವುದು ನನ್ನ ವಾದ. ಅದು ಒಳ್ಳೆಯದಿರಬೇಕು, ಜಾಣತನದ್ದಿರಬೇಕು, ಈಡೇರಲಿ ಎಂದು ನೋಡುವವರಿಗೂ ಅನ್ನಿಸಬೇಕು. ಆಮೇಲೆ ಅದರೊಳಗೆ ಭಯದಿಂದ ಬಂದು ಕೂತ ಒಂದೆರಡು ಸಾಲುಗಳನ್ನು ಅವಳೇ ಗುರುತಿಸಿ, ಅವಳೇ ಬಿಡಬೇಕು. ಉಳಿದ ಸಾಲುಗಳು ಉಳಿಯಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಆದ್ದರಿಂದ ಎರಡು ತಾಸಿನ ಚಿತ್ರಕಥೆಯೊಂದರ ಸೀನ್ ಆರ್ಡರ್, ಅಂದರೆ ದೃಶ್ಯಗಳ ಅನುಕ್ರಮದ ಮಾದರಿಯನ್ನು ಇಲ್ಲಿ ಕಟ್ಟಿ ತೋರಿಸುತ್ತೇನೆ. ಪಾತ್ರಗಳು ಕಲ್ಪಿತ. ತಾರೀಖುಗಳು ಮಾತ್ರ 2024ರ ಆಗಸ್ಟ್‌ನಿಂದ 2025ರ ಜನವರಿವರೆಗೆ ಈ ಜಿಲ್ಲೆಗಳಲ್ಲಿ ನಿಜವಾಗಿ ನಡೆದವು.

ಮೊದಲು ಯೋಜನೆ, ಆಮೇಲೆ ಪಾತ್ರ

ದೃಶ್ಯ ಬರೆಯುವುದಕ್ಕೂ ಮುಂಚೆ ಯೋಜನೆಯನ್ನು ಒಂದು ಹಾಳೆಯ ಮೇಲೆ ನಿಜವಾಗಿಯೂ ಬರೆಯಿರಿ. ನಮ್ಮ ನಾಯಕಿ ಅಂಬಿಕಾ. ಬಿ.ಕಾಂ. ಓದಿ, ಧಾರವಾಡದಲ್ಲಿ ಒಂದು ವರ್ಷ ಕೋಚಿಂಗ್ ಮುಗಿಸಿ, ಈಗ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾಳೆ. ದಿನವಿಡೀ ಅವಳ ಕಣ್ಣ ಮುಂದೆ 75 ಕೆಜಿ ಚೀಲದ ಲೆಕ್ಕ: ಬಂದದ್ದು, ತೇವಾಂಶಕ್ಕೆ ಕಳೆದದ್ದು, ಕೊಡಬೇಕಾದದ್ದು. ತನ್ನ ಬದುಕನ್ನೂ ಅವಳು ಅಂಥದೇ ಒಂದು ಉದ್ದನೆಯ ಲಾಂಗ್ ಬುಕ್ಕಿನಲ್ಲಿ ಬರೆದಿದ್ದಾಳೆ. ನಾಲ್ಕು ಕಾಲಂ: ಏನು, ಯಾವಾಗ, ಎಷ್ಟು ಖರ್ಚು, ಕೊನೆಗೆ ಷರಾ, ಅಂದರೆ ಟಿಪ್ಪಣಿ. ಷರಾ ಕಾಲಂ ಪೂರ್ತಿ ಖಾಲಿ. ಈ ಖಾಲಿ ಕಾಲಂ ನೆನಪಿರಲಿ, ಕಥೆ ತಿರುಗುವುದೇ ಅದರ ಮೇಲೆ.

ಸಾಲುಗಳು ಐದು ಸಾಕು. ಏಳೆಂಟು ಬರೆದರೆ ನೋಡುವವರಿಗೆ ನೆನಪಿರುವುದಿಲ್ಲ, ಮೂರೇ ಇದ್ದರೆ ಮುರಿಯಲು ಏನೂ ಇರುವುದಿಲ್ಲ. ಅಂಬಿಕಾಳ ಮೊದಲ ಸಾಲು 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆ. ಎರಡನೆಯದು, ಮೊದಲ ವರ್ಷದ ಸಂಬಳದಲ್ಲಿ ಬ್ಯಾಂಕಿನಲ್ಲಿ ಅಡವಿಟ್ಟ ಅವ್ವನ ಬಂಗಾರ ಬಿಡಿಸುವುದು. ಮೂರನೆಯದು ತಮ್ಮನ ಡಿಪ್ಲೊಮಾ ಫೀಸು. ನಾಲ್ಕನೆಯದು ಕೊಪ್ಪಳದಲ್ಲಿ ಎರಡು ಕೋಣೆಯ ಸ್ವಂತ ಮನೆ. ಐದನೆಯದು, 29ಕ್ಕೆ ಮದುವೆ, ವರನಿಗೆ ಸರ್ಕಾರಿ ನೌಕರಿ ಇರಲೇಬೇಕು.

ಈಗ ಬರೆಯುವವರು ತಮಗಾಗಿ ಐದನೆಯ ಕಾಲಂ ಒಂದನ್ನು ಎಳೆದುಕೊಳ್ಳಬೇಕು: ಈ ಸಾಲು ತಪ್ಪಿದರೆ ಯಾರಿಗೆ ನೋವು? ಬಂಗಾರದ ಸಾಲಿಗೆ ಅವ್ವ, ಫೀಸಿನ ಸಾಲಿಗೆ ತಮ್ಮ. ಈ ಎರಡನ್ನು ಕಥೆ ಯಾವ ಕಾರಣಕ್ಕೂ ಮುರಿಯಬಾರದು. ನಾಯಕಿ ಪ್ರೀತಿಗಾಗಿ ಅವ್ವನ ಬಂಗಾರ ಮರೆತಳು ಎಂದರೆ ಆ ಕ್ಷಣವೇ ಅವಳನ್ನು ಕಳೆದುಕೊಂಡಿರಿ. ಐದನೆಯ ಸಾಲಿನ ಮುಂದೆ ಯಾರ ಹೆಸರೂ ಬರುವುದಿಲ್ಲ, ಭಯವೊಂದೇ ಬರುತ್ತದೆ. 2023ರ ಬರಗಾಲದಲ್ಲಿ ಉಪಕಾಲುವೆಯ ಕೊನೆಭಾಗದಲ್ಲಿರುವ ಅಪ್ಪನ ಮೂರು ಎಕರೆಗೆ ನೀರು ಮುಟ್ಟಲಿಲ್ಲ, ತೆನೆ ಹಾಲು ತುಂಬುವ ಹೊತ್ತಿಗೆ ಗದ್ದೆ ಬಿರಿಯಿತು. ಬಂಗಾರ ಬ್ಯಾಂಕಿಗೆ ಹೋದದ್ದು ಆಗ. ತಿಂಗಳ ಕೊನೆಗೆ ಸಂಬಳ ಬರುವ ಮನೆ ಬಿಟ್ಟು ಬೇರೆಲ್ಲೂ ಹೆಜ್ಜೆ ಇಡಬಾರದು ಎಂದು ಅವಳು ತೀರ್ಮಾನಿಸಿದ್ದೂ ಆಗಲೇ. ಒಕ್ಕಲುತನದ ಹುಡುಗರಿಗೆ ಕನ್ಯಾ ಸಿಗುತ್ತಿಲ್ಲ ಎನ್ನುವ ಮಾತು ಈ ಕಡೆ ಪ್ರತಿ ಊರ ಕಟ್ಟೆಯಲ್ಲೂ ಇದೆ. ಆ ಮಾತಿನ ಇನ್ನೊಂದು ಬದಿಯಲ್ಲಿ ನಿಂತ ಹುಡುಗಿಯ ಲೆಕ್ಕ ಏನು ಎಂದು ಕೇಳುವ ಕಥೆಗಳು ಕಡಿಮೆ. ಈ ಚಿತ್ರ ಅದನ್ನು ಕೇಳಬಲ್ಲದು, ಅದಕ್ಕೇ ಇದನ್ನು ಬರೆಯಬೇಕು ಎನ್ನುತ್ತೇನೆ.

ನಾಯಕನಿಗೂ ಒಂದು ಪುಸ್ತಕ ಬೇಕು

ಹೆಚ್ಚಿನ ಚಿತ್ರಕಥೆಗಳು ಮುಗ್ಗರಿಸುವುದು ಇಲ್ಲಿ. ನಾಯಕಿ ಬಿಗಿ ಎಂದ ಕೂಡಲೇ ನಾಯಕನನ್ನು ಸಡಿಲ ಮಾಡಿಬಿಡುತ್ತಾರೆ. ಕೆಲಸವಿಲ್ಲ, ಚಿಂತೆಯಿಲ್ಲ, ಬೈಕು ಮತ್ತು ನಗು. ಅವನ ನಿಶ್ಚಿಂತೆಗೆ ಯಾರ ದುಡಿಮೆ ಆಧಾರ ಎಂದು ಯಾರೂ ಕೇಳುವುದಿಲ್ಲ. ಅಂಥವನ ಎದುರು ಅಂಬಿಕಾ ಏನು ಬಿಟ್ಟುಕೊಟ್ಟರೂ ಅದು ಸೋಲಾಗಿ ಕಾಣುತ್ತದೆ.

ನಮ್ಮ ಹನುಮೇಶ ತುಂಗಭದ್ರಾ ಎಡದಂಡೆ ಕಾಲುವೆಯ ಗುತ್ತಿಗೆ ಗ್ಯಾಂಗ್‌ಮನ್. ಮುನಿರಾಬಾದಿನಲ್ಲಿ ಹೊರಡುವ ಈ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿ.ಮೀ. ಹರಿಯುತ್ತದೆ. ಅದರ ಒಂದು ಉಪಕಾಲುವೆಯ ತೂಬು ಅವನ ಪಾಲಿಗೆ. ಬೆಳಗ್ಗೆ ಸಂಜೆ ಗೇಜ್ (ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ) ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು, ಜೆಇ (ಕಿರಿಯ ಎಂಜಿನಿಯರ್) ಕೇಳಿದಾಗ ಹೇಳಬೇಕು, ಕೆಲವು ದಿನ ನೀರು, ಕೆಲವು ದಿನ ಬಂದ್ ಎನ್ನುವ ಆನ್-ಆಫ್ ಸರದಿ ಬಂದಾಗ ಗೇಟು ಇಳಿಸಬೇಕು. ಮೇಲ್ಭಾಗದ ರೈತರು ರಾತ್ರಿ ಬಂದು ಎತ್ತಿಸು ಎನ್ನುತ್ತಾರೆ, ಕೊನೆಭಾಗದವರು ಬೆಳಗ್ಗೆ ಬಂದು ಬೈಯುತ್ತಾರೆ. ಅವನ ಗುತ್ತಿಗೆ ಸಂಬಳ ತಿಂಗಳುಗಟ್ಟಲೆ ತಡ. ಇಂಥವನು ನಾಳೆಯ ಬಗ್ಗೆ ಮಾತಾಡದಿರುವುದು ಉಡಾಫೆಯಿಂದಲ್ಲ. ಮುಂದಿನ ವಾರ ನೀರಿರುತ್ತದೋ ಇಲ್ಲವೋ ಎಂದು ಇಷ್ಟು ಹತ್ತಿರದಿಂದ ಕಂಡವನ ಬಾಯಲ್ಲಿ ತಾರೀಖು ಬರುವುದಿಲ್ಲ. ಅವನ ದೋಷ ಬೇರೆ. ಎಲ್ಲದಕ್ಕೂ 'ನೀರು ಬಂದಾಗ ನೋಡೂಣು' ಎನ್ನುತ್ತಾನೆ. ಕೇಳಬೇಕಾದದ್ದನ್ನು ಕೇಳುವುದಿಲ್ಲ, ಹೇಳಬೇಕಾದದ್ದನ್ನು ಹೇಳುವುದಿಲ್ಲ. ಕಥೆ ಮುಗಿಯುವ ಹೊತ್ತಿಗೆ ಅವನೂ ಒಂದು ತಾರೀಖು ಬರೆಯಲು ಕಲಿಯಬೇಕು. ಒಬ್ಬರೇ ಬದಲಾಗುವ ಪ್ರೇಮ ಹಾಸ್ಯ ಅರ್ಧ ಬರೆದದ್ದು.

ಈಗ ಕಥೆಯಲ್ಲಿ ಎರಡು ಲಾಂಗ್ ಬುಕ್ ಇವೆ, ಎರಡಕ್ಕೂ ಒಂದೇ ಕೆಂಪು ರಟ್ಟು, ಎರಡರ ಕೊನೆಗೂ ಒಂದು ಷರಾ ಕಾಲಂ.

ಮೂರು ಕ್ಯಾಲೆಂಡರ್

ಯೋಜನೆ ಮುರಿಯಬೇಕಾದರೆ ಅದನ್ನು ಮುರಿಯುವುದು ಪ್ರೀತಿ ಆಗಬಾರದು. ಪ್ರೀತಿಯೇ ಮುರಿದರೆ ಪ್ರೀತಿ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುತ್ತದೆ. ಖಳನೊಬ್ಬ ಮುರಿದರೆ ಇದು ಸೇಡಿನ ಕಥೆಯಾಗುತ್ತದೆ. ಈ ಸೀಮೆಯಲ್ಲಿ ಆ ಕೆಲಸಕ್ಕೆ ಮೂರು ಕ್ಯಾಲೆಂಡರ್‌ಗಳು ಸಿದ್ಧವಾಗಿವೆ. ಪರೀಕ್ಷೆಯದು ಇಂಗ್ಲಿಷ್ ತಾರೀಖು. ನೀರಿನದು ಅಣೆಕಟ್ಟಿನ ಮಟ್ಟ ಮತ್ತು ನೀರಾವರಿ ಸಲಹಾ ಸಮಿತಿಯ ಸಭೆ. ಜಾತ್ರೆಯದು ತಿಥಿ: ಕೊಪ್ಪಳದ ಗವಿಸಿದ್ಧೇಶ್ವರ ರಥೋತ್ಸವ ಪುಷ್ಯ ಬಹುಳ ಬಿದಿಗೆಗೆ, ಹೀಗಾಗಿ ಪ್ರತಿ ವರ್ಷ ತಾರೀಖು ಸರಿಯುತ್ತದೆ. ಅಂಬಿಕಾ ನಂಬಿರುವುದು ಮೊದಲನೆಯ ಕ್ಯಾಲೆಂಡರ್ ಒಂದನ್ನೇ, ಏಕೆಂದರೆ ಅದು ಅಚ್ಚಾಗಿ ಬರುತ್ತದೆ. ಅದೇ ಮೊದಲು ಕೈಕೊಡಬೇಕು.

2024ರಲ್ಲಿ ಆದದ್ದು ಹೀಗೆ. ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಅಣೆಕಟ್ಟಿನಿಂದ ನೀರು ಹೊಳೆಗೆ ಹೋಯಿತು. ಆ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆಹಲಗೆ ಇಳಿಸಿ ಒಂದು ವಾರದಲ್ಲಿ ತಡೆದರು. ಆಗಸ್ಟ್ 27ರಂದು 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಪ್ರಶ್ನೆಗಳ ಬಗ್ಗೆ ದೂರು ಎದ್ದು ಮರುಪರೀಕ್ಷೆಗೆ ಆದೇಶವಾಯಿತು, ಅದು ನಡೆದದ್ದು ಡಿಸೆಂಬರ್ 29ಕ್ಕೆ. ಈ ನಡುವೆ ಮಳೆ ಕೈಹಿಡಿದು ಅಣೆಕಟ್ಟು ಅದೇ ಹಂಗಾಮಿನಲ್ಲಿ ಮತ್ತೆ ತುಂಬಿತು. ನವೆಂಬರ್, ಡಿಸೆಂಬರ್ ಭತ್ತದ ಕೊಯ್ಲು. 2025ರ ಜನವರಿ 15 ಗವಿಮಠದ ತೇರು. ಐದು ತಿಂಗಳು, ನಾಲ್ಕು ತಿರುವು, ಎಲ್ಲಕ್ಕೂ ಊರಿನವರೇ ಸಾಕ್ಷಿ. ಇದಕ್ಕಿಂತ ಒಳ್ಳೆಯ ಬೆನ್ನೆಲುಬನ್ನು ಕೂತು ಹೆಣೆಯುವುದು ಕಷ್ಟ.

ದೃಶ್ಯಗಳ ಜೋಡಣೆ

ಎರಡು ತಾಸಿಗೆ 55ರಿಂದ 60 ದೃಶ್ಯ ಲೆಕ್ಕ ಹಿಡಿಯಿರಿ. ಒಂದೊಂದು ದೃಶ್ಯಕ್ಕೆ ಒಂದು ಕಾರ್ಡು. ಕಾರ್ಡಿನ ಮೇಲೆ ಮೂರೇ ಮಾತು: ಯಾವ ತಾರೀಖು, ಬೆಳೆ ಯಾವ ಹಂತದಲ್ಲಿದೆ, ಯೋಜನೆಯ ಯಾವ ಸಾಲು ಅಲುಗಿತು. ಮೂರನೆಯದಕ್ಕೆ ಉತ್ತರವಿಲ್ಲದ ಕಾರ್ಡುಗಳು ಸಾಲಾಗಿ ನಾಲ್ಕು ಬಂದರೆ ಅಲ್ಲಿ ಕಥೆ ನಿಂತಿದೆ ಎಂದರ್ಥ. ಹಾಡು, ಜಗಳ, ಊಟ ಎಷ್ಟು ಚೆನ್ನಾಗಿದ್ದರೂ ಎರಡನ್ನು ಕಿತ್ತುಹಾಕಿ.

ಮೊದಲ ಏಳು ನಿಮಿಷದಲ್ಲಿ ಯೋಜನೆ ಕೆಲಸ ಮಾಡುವುದನ್ನು ತೋರಿಸಬೇಕು, ವಿವರಿಸಬಾರದು. ಗಿರಣಿಯಲ್ಲಿ ಒಂದು ಲೋಡಿನ ಲೆಕ್ಕದಲ್ಲಿ ತಪ್ಪು ಹಿಡಿದು ರೈತನೊಬ್ಬನಿಗೆ ನಾಲ್ಕು ಚೀಲದ ಹಣ ಹೆಚ್ಚು ಕೊಡಿಸುತ್ತಾಳೆ. ಅವಳ ಶಿಸ್ತಿನಿಂದ ಮೊದಲು ಯಾರಿಗೋ ಒಳ್ಳೆಯದಾದರೆ, ಮುಂದೆ ಅದೇ ಶಿಸ್ತು ಅವಳನ್ನು ಕಟ್ಟಿಹಾಕಿದಾಗ ನೋಡುವವರಿಗೆ ಸಂಕಟವಾಗುತ್ತದೆ.

ಹತ್ತು ಹನ್ನೆರಡನೆಯ ನಿಮಿಷಕ್ಕೆ ಭೇಟಿ. ಜುಲೈ ಕೊನೆ, ಸಸಿ ಮಡಿ ಕಿತ್ತು ನಾಟಿ ನಡೆದಿರುವ ಕಾಲ. ಕಾಲುವೆಯ ಏರಿ ಮೇಲಿನ ಇಕ್ಕಟ್ಟು ದಾರಿ, ಎದುರಿನಿಂದ ಕೇಜ್‌ವೀಲ್ (ಕೆಸರುಗದ್ದೆಯ ಕಬ್ಬಿಣದ ಗಾಲಿ) ಹಾಕಿದ ಟ್ರ್ಯಾಕ್ಟರ್, ಹಿಂದೆ ಸಸಿ ಕಟ್ಟು ಹೇರಿದ ಟ್ರಾಲಿ. ಅವಳ ಸ್ಕೂಟಿ, ಅವನ ಬೈಕು ಎರಡೂ ಹಿಂದೆ ಸರಿಯಲಾರವು. ಗಾಡಿಗಳನ್ನು ಮಲಗಿಸಿ ಟ್ರ್ಯಾಕ್ಟರ್ ದಾಟಿಸುವ ಗಡಿಬಿಡಿಯಲ್ಲಿ ಪುಸ್ತಕಗಳು ಅದಲು ಬದಲು. ಅವನು ಆಡುವ ಮೊದಲ ಮಾತು, "ಅಕ್ಕಾರ, ಗಾಡಿ ಚೂರು ಹಿಂದ ತಗೋರಿ." ಅಪರಿಚಿತ ಹೆಣ್ಣುಮಗಳನ್ನು ಇಲ್ಲಿಯವರು ಹಾಗೇ ಕರೆಯುವುದು. ಆದರೆ ಹತ್ತು ಜನರೆದುರು ಅಕ್ಕಾ ಎಂದವನು ಅಲ್ಲಿಂದ ವಾಪಸ್ ಬರುವುದು ಹೇಗೆ? ಮುಂದಿನ ಹದಿನೈದು ದೃಶ್ಯಗಳಲ್ಲಿ ಅವನು ಅವಳನ್ನು ಏನೂ ಎಂದು ಕರೆಯದೆ ಮಾತಾಡಬೇಕು. "ಇಲ್ಲಿ ಕೇಳ್ರಿ", "ಅಲ್ರಿ", "ಹಂಗಲ್ರಿ". ಹಳೆಯ ಗ್ಯಾಂಗ್‌ಮನ್ ಬಸಪ್ಪ ಮಾತ್ರ ನೆನಪಿಟ್ಟುಕೊಂಡು, "ನಿಮ್ಮಕ್ಕ ಬಂದಾಳ ನೋಡಪಾ" ಎನ್ನುತ್ತಾನೆ. ಖರ್ಚಿಲ್ಲದ ಹಾಸ್ಯ, ಪ್ರತಿ ಸಲ ಬಂದಾಗಲೂ ಪ್ರೀತಿ ಎಷ್ಟು ದೂರ ಬಂತು ಎಂದು ಅಳೆಯುತ್ತದೆ.

ಪುಸ್ತಕ ಬದಲಾದದ್ದರಿಂದ ಒಂದೇ ಒಂದು ದೊಡ್ಡ ನಗು ಸಾಕು. ಮರುದಿನ ನಸುಕಿನಲ್ಲಿ ಜೆಇ ಫೋನು ಮಾಡುತ್ತಾರೆ. ಹನುಮೇಶ ಗೇಟಿನ ಹತ್ತಿರ ನಿಂತು ಫೋನ್ ಹಿಡಿದಿದ್ದಾನೆ, ನಿನ್ನೆಯ ಅಂಕಿ ಓದಲು ಶೆಡ್ಡಿನಲ್ಲಿರುವ ಬಸಪ್ಪನಿಗೆ ಕೂಗುತ್ತಾನೆ. ಬಸಪ್ಪನಿಗೆ ಕನ್ನಡಕವಿಲ್ಲ.

ಫೋನಿನಲ್ಲಿ ಜೆಇ: "ಗೇಜ್ ಎಷ್ಟೈತೋ?"
ಬಸಪ್ಪ ಓದಿದ್ದನ್ನು ಕೇಳಿ ಹನುಮೇಶ: "ಇಪ್ಪತ್ತೊಂಬತ್ತ್ ಅಂತಾನ್ರಿ ಸಾಹೇಬ್ರ."
ಜೆಇ: "ಇಪ್ಪತ್ತೊಂಬತ್ತ್ ಅಡಿನ? ಊರು ಉಳದೈತೇನಲೇ?"
ಶೆಡ್ಡಿನಿಂದ ಬಸಪ್ಪ: "ಅದರ ಬಾಜು ಮದುವಿ ಅಂತ ಬರದೈತಪಾ."

ಮೂರೂವರೆ ಅಡಿ ಇರಬೇಕಾದ ಉಪಕಾಲುವೆಯಲ್ಲಿ ಇಪ್ಪತ್ತೊಂಬತ್ತು. ನಗು ಬರುವುದು ಅಂಕಿಯಿಂದ. ನಂಬಿಕೆ ಬರುವುದು ಕನ್ನಡಕವಿಲ್ಲದ ಬಸಪ್ಪ ಮತ್ತು ನಸುಕಿನ ಕತ್ತಲಿನಿಂದ. ಹನುಮೇಶನೇ ಪುಸ್ತಕ ತೆರೆದು ಓದಿದ್ದರೆ ಅವನು ದಡ್ಡನಾಗುತ್ತಿದ್ದ, ದೃಶ್ಯವೂ ಸಾಯುತ್ತಿತ್ತು. ಎಲ್ಲರ ಕೈಯಲ್ಲೂ ಫೋನಿರುವಾಗ ಪುಸ್ತಕ ವಾಪಸ್ ಮಾಡಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೂ ಉತ್ತರ ಇಟ್ಟಿರಬೇಕು. ಎರಡೇ ದೃಶ್ಯದಲ್ಲಿ ವಾಪಸ್ ಮಾಡಿಸಿ. ಇದನ್ನು ಇಂಟರ್ವಲ್‌ವರೆಗೆ ಎಳೆದರೆ ಪ್ರೇಕ್ಷಕರು ಗಡಿಯಾರ ನೋಡುತ್ತಾರೆ. ಅದಲು ಬದಲಿನ ನಿಜವಾದ ಕೆಲಸ ಬೇರೆಯೇ ಇದೆ: ಅವನು ಅವಳ ಐದನೆಯ ಸಾಲು ಓದಿದ್ದಾನೆ. ಅವಳ ಕೈಯಲ್ಲಿ ಅವನ ರಿಜಿಸ್ಟರಿನ 2023ರ ಅಕ್ಟೋಬರ್ ಪುಟ ಒಮ್ಮೆ ತೆರೆದು ಮುಚ್ಚಿದೆ. ಅಂಕಿಗಳು ಕಂಡವು, ಅರ್ಥವಾಗಲಿಲ್ಲ.

ಮೂವತ್ತನೆಯ ನಿಮಿಷಕ್ಕೆ 19ನೇ ಗೇಟು. ಇಲ್ಲಿ ಹಾಸ್ಯ ನಿಲ್ಲಬೇಕು. ಆ ರಾತ್ರಿ, ಆಮೇಲಿನ ಒಂದು ವಾರ ಈ ಜಿಲ್ಲೆಗಳಲ್ಲಿ ಯಾರೂ ನಕ್ಕಿಲ್ಲ. ನಾಟಿ ಮಾಡಿದ ಗದ್ದೆಗೆ ಮುಂದೆ ನೀರು ಸಿಗುತ್ತದೋ ಎನ್ನುವ ಭಯ ಎಲ್ಲರದು. ಅಂಬಿಕಾ ಅಪ್ಪನ ಪರವಾಗಿ ತೂಬಿಗೆ ಬಂದು ಕೇಳುತ್ತಾಳೆ. ಹನುಮೇಶ, "ಗೊತ್ತಿಲ್ರಿ" ಎನ್ನುತ್ತಾನೆ. ಸಮಾಧಾನದ ಸುಳ್ಳು ಹೇಳದ ಗಂಡಸನ್ನು ಅವಳು ಮೊದಲ ಸಲ ನೋಡುತ್ತಾಳೆ. ಪ್ರೀತಿ ಹುಟ್ಟುವ ಜಾಗ ಇದು. ಹಾಡು ಬೇಡ, ಹಿನ್ನೆಲೆ ಸಂಗೀತವೂ ಬೇಡ ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಪರೀಕ್ಷೆಯ ದಿನದ ದೃಶ್ಯಕ್ಕೆ ಒಂದು ಅನುಕೂಲವಿದೆ. ಬೆಳಗ್ಗೆ 10ರಿಂದ 12 ಒಂದು ಪತ್ರಿಕೆ, ಮಧ್ಯಾಹ್ನ 2ರಿಂದ 4 ಇನ್ನೊಂದು. ನಡುವೆ ಎರಡು ತಾಸು. ಅಂಬಿಕಾಳ ಬದುಕಿನಲ್ಲಿ ಏನೂ ಬರೆದಿಟ್ಟಿರದ ಎರಡು ತಾಸು ಅದೊಂದೇ. ಅವಳ ತಮ್ಮನನ್ನು ಬೈಕಿನಲ್ಲಿ ಕರೆತಂದ ನೆಪದಲ್ಲಿ ಹನುಮೇಶ ಅಲ್ಲಿರಲಿ. ಒಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು ಶಾಲೆಯ ಗೋಡೆಯ ನೆರಳಲ್ಲಿ ಕೂರಲಿ. ಮಾತು ಬರೀ ಪ್ರಶ್ನೆಪತ್ರಿಕೆಯದು. ಆರು ನಿಮಿಷದ ಉದ್ದನೆಯ ದೃಶ್ಯ ಇದೊಂದಕ್ಕೆ ಮಾತ್ರ ಅವಕಾಶ ಕೊಡಿ.

ಇಂಟರ್ವಲ್: ಮರುಪರೀಕ್ಷೆಯ ಸುದ್ದಿ. ಗಿರಣಿಯಲ್ಲಿ ಎಲ್ಲರ ಫೋನಿಗೂ ಒಂದೇ ಹೊತ್ತಿಗೆ ಬರುತ್ತದೆ. ಅಂಬಿಕಾ ಲಾಂಗ್ ಬುಕ್ ತೆಗೆದು ಮೊದಲ ಸಾಲಿನ ತಾರೀಖಿನ ಮೇಲೆ ಗೆರೆ ಎಳೆಯಲು ಪೆನ್ನು ಇಡುತ್ತಾಳೆ, ಎಳೆಯುವುದಿಲ್ಲ.

ದ್ವಿತೀಯಾರ್ಧದ ಮೊದಲ 25 ನಿಮಿಷ ಈ ಜಾತಿಯ ಚಿತ್ರಗಳಿಗೆ ಗಂಡಾಂತರದ ಜಾಗ. ಅಡ್ಡಿ ಇಲ್ಲ, ಪ್ರೀತಿ ಇದೆ, ಹಾಗಾಗಿ ಹರಿಗೋಲು, ಆನೆಗೊಂದಿಯ ಬಂಡೆ, ಅಂಜನಾದ್ರಿ ಮೆಟ್ಟಿಲು ಎಂದು ಹಾಡುಗಳು ಬಂದು ಕೂರುತ್ತವೆ. ಇಲ್ಲಿ ಕಲಿಕೆ ಇಡಿ. ಹನುಮೇಶ ಅವಳಿಗೆ ಗೇಜ್ ಓದಲು ಕಲಿಸುತ್ತಾನೆ. ಗೇಟಿನ ಮೇಲ್ಗಡೆ ನಿಂತ ನೀರಿನ ಅಂಕಿ ಬೇರೆ, ಕೆಳಗಡೆ ಹರಿಯುವ ನೀರಿನ ಅಂಕಿ ಬೇರೆ. ನೀರಲ್ಲಿ ತೆರೆ ಏಳುತ್ತಿದ್ದಾಗ ಮೂರು ಸಲ ನೋಡಿ ನಡುವಿನದನ್ನು ಬರೆಯಬೇಕು. ಕೆಳಗಿನ ಅಂಕಿ ಇಳಿದರೆ ಕೊನೆಭಾಗದಲ್ಲಿ ಗದ್ದೆ ಒಣಗುತ್ತದೆ. ಲೆಕ್ಕದ ಹುಡುಗಿಗೆ ಅವನು ಕೊಡಬಲ್ಲ ಒಳ್ಳೆಯ ಕಾಣಿಕೆ ಇದೇ. ಕಥೆಯನ್ನು ಮುರಿಯುವ ಆಯುಧವೂ ಇದೇ ಆಗುತ್ತದೆ. ಎಂಬತ್ತೆಂಟನೆಯ ನಿಮಿಷದ ಸುಮಾರಿಗೆ ಅವಳು ಹಳೆಯ ರಿಜಿಸ್ಟರ್ ತಿರುವುತ್ತಾಳೆ, 2023ರ ಅಕ್ಟೋಬರ್ ಪುಟ ಈಗ ಅವಳಿಗೆ ಓದಲು ಬರುತ್ತದೆ. ಅಪ್ಪನ ಗದ್ದೆ ಬಿರಿದ ವಾರ ಗೇಟು ಇಳಿಸಿದ ಕೈಬರಹ ಹನುಮೇಶನದು. ಅವನು ಇದನ್ನು ಹೇಳಿರಲಿಲ್ಲ. ಅವನ ದೋಷ ಹೇಳದಿರುವುದು ಎಂದು ಮೊದಲೇ ನೆಟ್ಟಿದ್ದೇವೆ, ಆದ್ದರಿಂದ ಈ ತಿರುವು ಆಕಾಶದಿಂದ ಬೀಳುವುದಿಲ್ಲ.

ಇದೇ ಹೊತ್ತಿಗೆ ನೌಕರಿಯ ವರ ಬರುತ್ತಾನೆ. ಅವನನ್ನು ದಯವಿಟ್ಟು ಕೆಟ್ಟವನನ್ನಾಗಿ ಮಾಡಬೇಡಿ. ವರದಕ್ಷಿಣೆ ಕೇಳುವವನು, ಫೋನಿನಲ್ಲೇ ಮುಳುಗಿರುವವನು ಬಂದರೆ ಅವಳಿಗೆ ಆಯ್ಕೆಯೇ ಇರುವುದಿಲ್ಲ. ತಲಾಠಿ (ಊರಿನ ಕಂದಾಯ ಲೆಕ್ಕಿಗ) ಇರಲಿ, ಶಾಲೆಯ ಮಾಸ್ತರ ಇರಲಿ, ಕನ್ಯಾ ನೋಡಲು ಬಂದಾಗ ಅವಳ ಓದಿನ ಬಗ್ಗೆ ಮರ್ಯಾದೆಯಿಂದ ಕೇಳಲಿ, ಮರುಪರೀಕ್ಷೆ ಮುಗಿಯುವವರೆಗೆ ಕಾಯುತ್ತೇನೆ ಎನ್ನಲಿ. ಐದನೆಯ ಸಾಲು ಅಕ್ಷರಶಃ ಈಡೇರುವ ಸ್ಥಿತಿಗೆ ಬರಬೇಕು. ಈಡೇರುತ್ತಿರುವ ಸಾಲನ್ನು ಬಿಟ್ಟರೆ ಮಾತ್ರ ಅದು ಬಿಡುವುದು.

ಷರಾ

ಕ್ಲೈಮ್ಯಾಕ್ಸ್‌ನಲ್ಲಿ ಅವಳು ಪರೀಕ್ಷೆ ಬಿಟ್ಟು ಓಡಬಾರದು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಧಾರವಾಡದ ಪಿಜಿಗಳಲ್ಲಿ ವರ್ಷಗಟ್ಟಲೆ ಕೂತು ಓದಿದವರ ಊರುಗಳಿವು. ಹಾಲ್ ಟಿಕೆಟ್ ಹಿಡಿದು ಬಸ್‌ ಸ್ಟ್ಯಾಂಡಿಗೆ ಓಡುವ ನಾಯಕಿಯನ್ನು ಇಲ್ಲಿ ಯಾರೂ ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಡಿಸೆಂಬರ್ 29ರಂದು ಅವಳು ಎರಡೂ ಪತ್ರಿಕೆ ಬರೆಯುತ್ತಾಳೆ. ನಡುವಿನ ಎರಡು ತಾಸು ಒಬ್ಬಳೇ ಕೂರುತ್ತಾಳೆ. ಹೋದ ಸಲದ ಆರು ನಿಮಿಷದ ದೃಶ್ಯಕ್ಕೆ ಇದು ಎದುರು, ಇದು ನಲವತ್ತು ಸೆಕೆಂಡು ಸಾಕು.

ತಿರುವು ಬರುವುದು ಅದಕ್ಕೂ ಸ್ವಲ್ಪ ಮುಂಚೆ, ಕೊಯ್ಲಿನಲ್ಲಿ. ಅಪ್ಪನ ಮೂರು ಎಕರೆಯ ಭತ್ತ ಈ ಸಲ ಕೈಗೆ ಬಂದಿದೆ, ಊರ ದಾರಿಯ ಅರ್ಧಕ್ಕೆ ಒಣಹಾಕಿದ್ದಾರೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 17 ಮೀರಬಾರದು, ಕೊಯ್ದಾಗ ಅದು ಇಪ್ಪತ್ತರ ಮೇಲಿರುತ್ತದೆ. ಮೋಡ ಕವಿದರೆ ಎಲ್ಲರೂ ತಾಡಪತ್ರಿ ಹಿಡಿದು ಓಡಬೇಕು. ಆ ಓಟದಲ್ಲಿ ಹನುಮೇಶನೂ ಇರಲಿ, ಮಾತಾಡದೆ. ತಾಡಪತ್ರಿ ಕಟ್ಟಿದ ಮೇಲೆ ಅಪ್ಪನೇ ಹೇಳುತ್ತಾನೆ, "ಆ ವರ್ಷ ಗೇಟ ಇಳಿಸಿದ ದಿನ ರಾತ್ರಿ ಮನಿತನಕ ಬಂದಿದ್ದ. ನಾನs ಬಾಗಲಾ ತಗೀಲಿಲ್ಲ." ಅವಳು ರಿಜಿಸ್ಟರ್ ಮತ್ತೆ ತೆರೆಸಿ ಷರಾ ಕಾಲಂ ಓದುತ್ತಾಳೆ. ನೀರು ಬಿದ್ದು ಅಂಟಿಕೊಂಡಿದ್ದ ಪುಟದ ಅಂಚು. "ಆದೇಶದಂತೆ ಬಂದ್. ಕೊನೆಭಾಗದ ಗದ್ದೆ ಹಾಲುಗಾಳಿನಲ್ಲಿವೆ. ನಾಲ್ಕು ದಿನ ಬೇಕಿತ್ತು." ಮೇಲಿನವರು ಯಾರೂ ಓದದ ಷರಾ. ಈ ಅಂಟಿದ ಪುಟವನ್ನು ಮೊದಲಾರ್ಧದಲ್ಲೇ, ಪುಸ್ತಕ ಕಾಲುವೆಯ ಕೆಸರಿಗೆ ಬೀಳುವಾಗ ತೋರಿಸಿರಬೇಕು. ಇಲ್ಲದಿದ್ದರೆ ಅನುಕೂಲಕ್ಕೆ ಹುಟ್ಟಿಸಿದಂತಿರುತ್ತದೆ.

ಪರೀಕ್ಷೆ ಮುಗಿದ ಸಂಜೆ ಅವಳು ತನ್ನ ಪುಸ್ತಕದಲ್ಲಿ ಏನನ್ನೂ ಹರಿಯುವುದಿಲ್ಲ. ಬಂಗಾರದ ಸಾಲು, ಫೀಸಿನ ಸಾಲು ಹಾಗೇ ಇವೆ, ಈ ಸಲದ ಭತ್ತದ ದುಡ್ಡಿನಲ್ಲಿ ಫೀಸಿನ ಅರ್ಧಕ್ಕೆ ಸರಿ ಗುರುತು ಬಿದ್ದಿದೆ. ಐದನೆಯ ಸಾಲಿನಲ್ಲಿ 'ಸರ್ಕಾರಿ ನೌಕರಿ' ಎಂಬುದರ ಮೇಲೆ ಒಂದು ಗೆರೆ. ಷರಾದಲ್ಲಿ ಕಾರಣ ಬರೆಯುತ್ತಾಳೆ. ಏನು ಬರೆದಳು ಎಂದು ತೋರಿಸಬೇಕೋ ಬೇಡವೋ ಎನ್ನುವುದು ನಿರ್ದೇಶಕರಿಗೆ ಬಿಟ್ಟದ್ದು, ನಾನಾದರೆ ತೋರಿಸುತ್ತೇನೆ. ಹನುಮೇಶ ಇತ್ತ ಮೊದಲ ಬಾರಿ ಒಂದು ತಾರೀಖು ಹೇಳುತ್ತಾನೆ: ಜನವರಿ 15, ಗವಿಮಠದ ತೇರಿಗೆ, ಜಾತ್ರೆಯ ದಾಸೋಹಕ್ಕೆ ರೊಟ್ಟಿ ಒಯ್ಯುವ ನಮ್ಮೂರಿನ ಟ್ರ್ಯಾಕ್ಟರ್ ಜೊತೆ ಬರುತ್ತೇನೆ, ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ. ಜಾತ್ರೆಯ ದೃಶ್ಯ ಮೂರು ನಿಮಿಷ ಮೀರದಿರಲಿ. ಅಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಪರೀಕ್ಷೆಯ ಫಲಿತಾಂಶವನ್ನು ಚಿತ್ರದೊಳಗೆ ತರಬೇಡಿ. ಪಾಸಾದರೆ ಬಹುಮಾನದಂತೆ, ಫೇಲಾದರೆ ಶಿಕ್ಷೆಯಂತೆ ಕಾಣುತ್ತದೆ.

ಚಿತ್ರೀಕರಣಕ್ಕೆ ಮುಂಚೆ

ಬೆಳೆಯೇ ನಿಮ್ಮ ಕಂಟಿನ್ಯುಯಿಟಿ, ಒಂದು ದೃಶ್ಯಕ್ಕೂ ಮುಂದಿನದಕ್ಕೂ ಹೊಂದಿಕೆ ಕಾಯುವುದು ಅದೇ. ಆಗಸ್ಟ್‌ನಲ್ಲಿ ನಾಟಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ದಟ್ಟ ಹಸಿರು, ನವೆಂಬರ್‌ನಲ್ಲಿ ಬಂಗಾರದ ಬಣ್ಣ. ಕೊಯ್ಯುವ ಮಷೀನ್ ಹೋದ ಮರುದಿನ ಬರೀ ಕೂಳೆ. ಹೊರಾಂಗಣದ ದೃಶ್ಯಗಳನ್ನು ಕಥೆಯ ಅನುಕ್ರಮದಲ್ಲೇ ಮೂರು ಶೆಡ್ಯೂಲ್ ಮಾಡಿ, ಗಿರಣಿ ಮತ್ತು ಮನೆಯ ಒಳಾಂಗಣವನ್ನು ಡಿಸೆಂಬರ್‌ಗೆ ಉಳಿಸಿಕೊಳ್ಳಿ. ದೀರ್ಘಾವಧಿಯ ತಳಿ ಹಾಕಿದ ಗದ್ದೆ ಆರಿಸಿಕೊಂಡರೆ ಕೊಯ್ಲಿಗೆ ಮೂರು ವಾರ ಹೆಚ್ಚು ಸಿಗುತ್ತದೆ: ಬಿಪಿಟಿ 5204ಕ್ಕೆ ಸುಮಾರು 145 ದಿನ, ಆರ್‌ಎನ್‌ಆರ್ 15048ಕ್ಕೆ 125 ದಿನ. ಗದ್ದೆ ಗೊತ್ತು ಮಾಡುವಾಗ ರೈತನನ್ನು ಇದೊಂದು ಮಾತು ಕೇಳಿ. ಹಂಪಿ, ಆನೆಗೊಂದಿ ಸುತ್ತ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಈ ಕಥೆಗೆ ಅವು ಬೇಡವೇ ಬೇಡ, ಹಾಗಾಗಿ ಆ ಓಡಾಟ ಉಳಿಯುತ್ತದೆ. ಹರಿಯುವ ಕಾಲುವೆಯ ಏರಿ ಮೇಲೆ ಕಲಾವಿದರನ್ನು ನಿಲ್ಲಿಸುವಾಗ ಹಗ್ಗ, ಈಜುಗಾರರು ಪಕ್ಕದಲ್ಲಿರಲಿ. ಇಳಿಜಾರಿನ ಲೈನಿಂಗ್ ಪಾಚಿ ಕಟ್ಟಿರುತ್ತದೆ, ಜಾರಿದವರು ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ.

ಡೈಲಾಗ್ ವರ್ಷನ್, ಅಂದರೆ ಮಾತುಗಳನ್ನೂ ಸೇರಿಸಿ ಬರೆದ ಚಿತ್ರಕಥೆ ಮುಗಿದ ಮೇಲೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಓದುವವರು ಈ ಕಡೆಯವರೇ ಆಗಿರಲಿ. ಬಾಯಿಗೆ ತೊಡರುವ ಸಾಲನ್ನು ಅವರೇ ತಿದ್ದುತ್ತಾರೆ, ನೀವು ಬರೆದುಕೊಳ್ಳಿ. ಕ್ಯಾಂಪಿನ (ಆಂಧ್ರದಿಂದ ಬಂದು ನೆಲೆಸಿದವರ ಊರಿನ) ಗಿರಣಿ ಮಾಲೀಕನ ತೆಲುಗು ಬೆರೆತ ಕನ್ನಡವನ್ನು ನಗಿಸಲು ಬಳಸಬೇಡಿ, ಅವನ ಮಾತಿನಲ್ಲಿ ಅವನಿಗೆ ಬೇಕಾದದ್ದು ಇರಲಿ. ಆಮೇಲೆ ಎರಡು ಪರೀಕ್ಷೆ ಮಾಡಿ. ಹನುಮೇಶನನ್ನು ಕಥೆಯಿಂದ ತೆಗೆದುಹಾಕಿ ನೋಡಿ: ಯೋಜನೆಯ ಮೊದಲ ಸಾಲು ಆಗಲೂ ಮುರಿಯಬೇಕು, ಐದನೆಯದು ಆಗ ಮುರಿಯಬಾರದು. ಲಾಂಗ್ ಬುಕ್ ತೆಗೆದುಹಾಕಿ ನೋಡಿ: ಇಬ್ಬರೂ ಇಪ್ಪತ್ತು ನಿಮಿಷದಲ್ಲಿ ಒಂದಾಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಕಾರ್ಡುಗಳನ್ನು ಮತ್ತೆ ನೆಲದ ಮೇಲೆ ಹರಡಿ, ಮೂವತ್ತನೆಯ ನಿಮಿಷದಿಂದ ಜೋಡಿಸಲು ಶುರುಮಾಡಿ.